ಇದ್ದವರ ಮೇಲೆ ಕಥೆ ಕಟ್ಟುವುದು

ಬಟ್ಟೆ ಮಡಚುವಾಗ ನನ್ನ ಕಿವಿ ಬಹಳ ಚುರುಕಾಗಿರುತ್ತದೆ. ಕೈಗೆ ಕೆಲಸವಿದ್ದು ತಲೆಗೆ ಇಲ್ಲದ ಹೊತ್ತು ಅದು. ಪಕ್ಕದ ಮನೆಯ ಕುಕ್ಕರಿನ ಸೀಟಿಯಿಂದ ಹಿಡಿದು, ಕೆಳಗೆ ವಾಚ್‌ಮನ್ ತನ್ನ ಹೆಂಡತಿಗೆ ಫೋನಿನಲ್ಲಿ ಹೇಳುವ ಸಮಾಧಾನದವರೆಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗೆ ಒಂದು ಸಂಜೆ ಟವೆಲು ಮಡಚುತ್ತಿದ್ದಾಗ ಮಗಳು ಅನಘಾ ತನ್ನ ಕೋಣೆಯಲ್ಲಿ ಯಾರೋ ಗೆಳತಿಗೆ ತಮಿಳಿನಲ್ಲಿ ಹೇಳುತ್ತಿದ್ದಳು: "ಅವನೆ ಆಸ್ಪತ್ರಿಲೆ ಸೇತ್ತುಟ್ಟೇನ್. ನಾಳೈಕ್ಕು ಡಿಸ್ಚಾರ್ಜ್ ಪಣ್ಣಟ್ಟುಮಾ, ವೇಂಡಾಮಾ?"

ಅಂದರೆ ಅವನನ್ನು ಆಸ್ಪತ್ರೆಗೆ ಸೇರಿಸಿಬಿಟ್ಟಿದ್ದಾಳೆ. ನಾಳೆ ಬಿಡಿಸಲೋ ಬೇಡವೋ ಎಂದು ಕೇಳುತ್ತಿದ್ದಾಳೆ. ನನ್ನ ಕೈಯ ಟವೆಲು ಅರ್ಧದಲ್ಲೇ ನಿಂತಿತು. ನಾವಿರುವ ತಮಿಳುನಾಡಿನ ಪೋರೂರಿನಲ್ಲಿ ಆಸ್ಪತ್ರೆಗಳಿಗೇನೂ ಬರವಿಲ್ಲ, ನಿಜ. ಆದರೆ ಕಾಲೇಜಿನ ಎರಡನೇ ವರ್ಷದ ಹುಡುಗಿ ಯಾರನ್ನು, ಯಾವಾಗ, ಯಾರಪ್ಪನ ಸಹಿ ಹಾಕಿ ಸೇರಿಸಿದಳು? ಬಾಗಿಲು ತಳ್ಳಿ ಒಳಗೆ ಹೋಗಿ, ಯಾರೇ ಅದು ಎಂದು ಕೇಳಿದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ಗೋಡೆಯ ಮೇಲಿನ ಚಿತ್ರದ ಕಡೆಗೆ ಬೆರಳು ಮಾಡಿದಳು.

ಆ ಚಿತ್ರದಲ್ಲಿ ಕೊರಿಯಾ ದೇಶದ ಐವರು ಗಂಡುಮಕ್ಕಳಿದ್ದಾರೆ. ಹಾಡುತ್ತಾರೆ, ಕುಣಿಯುತ್ತಾರೆ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾರೆ ಎನ್ನಬಹುದು. ಅವರಿಗೆ ಶೀತವಾದರೆ ನಮಗೆ ಗೊತ್ತಾಗುತ್ತದೆ, ಅವರು ತಲೆಗೂದಲಿಗೆ ನೇರಳೆ ಬಣ್ಣ ಬಳಿದುಕೊಂಡರೆ ನಮ್ಮಲ್ಲಿ ಊಟದ ಹೊತ್ತಿಗೆ ಅದರ ಚರ್ಚೆ. ಹೆಸರುಗಳು ನನ್ನ ನಾಲಿಗೆಗೆ ಒಗ್ಗುವುದಿಲ್ಲ. ಹಾಗಾಗಿ ನಾನು ಅವರನ್ನು ನಿಂತ ಜಾಗದಿಂದಲೇ ಕರೆಯುತ್ತೇನೆ. ಆಸ್ಪತ್ರೆ ಸೇರಿದ್ದು ನಡುವಿನ ಹುಡುಗ. ಸೇರಿದ್ದು ನಿಜವಾಗಿ ಅಲ್ಲ, ಅನಘಾ ಬರೆಯುತ್ತಿದ್ದ ಕಥೆಯಲ್ಲಿ.

ಅಭಿಮಾನಿಗಳೆಂದರೆ ಕಟೌಟಿಗೆ ಹಾಲು ಸುರಿಯುವವರು, ಮೊದಲ ದಿನ ಮೊದಲ ಆಟಕ್ಕೆ ಕರ್ಪೂರ ಹಚ್ಚುವವರು ಎಂದಷ್ಟೇ ತಿಳಿದಿದ್ದವಳು ನಾನು. ಅಭಿಮಾನಿಗಳು ಕಥೆಯನ್ನೂ ಬರೆಯುತ್ತಾರೆ, ಅದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ, ಇಂಟರ್‌ನೆಟ್ಟಿನಲ್ಲಿ ಅದಕ್ಕೆಂದೇ ಜಾಗಗಳಿವೆ ಎಂದು ಅವಳು ಆ ಸಂಜೆ ನನಗೆ ಪಾಠ ಮಾಡಿದಳು. ಪುಸ್ತಕದ, ಸಿನಿಮಾದ ಪಾತ್ರಗಳನ್ನು ಎತ್ತಿಕೊಂಡು ಬರೆದರೆ ಯಾರದೂ ತಕರಾರಿಲ್ಲವಂತೆ. ಆದರೆ ಉಸಿರಾಡುತ್ತಿರುವ ನಿಜವಾದ ಮನುಷ್ಯರ ಮೇಲೆ ಬರೆದರೆ ಅಭಿಮಾನಿಗಳಲ್ಲೇ ಕುರುಕ್ಷೇತ್ರ. ಅವರೇನು ಗೊಂಬೆಗಳೇ, ನಾಳೆ ಅವರ ತಾಯಿ ಓದಿದರೆ ಏನಾಗಬೇಕು ಎನ್ನುವವರು ಒಂದು ಕಡೆ. ವೇದಿಕೆಯ ಮೇಲೆ ನಮಗೆ ಕಾಣುವುದೇ ಒಂದು ವೇಷ, ನಾವು ಬರೆಯುವುದು ಆ ವೇಷದ ಮೇಲೆ, ಮನುಷ್ಯನ ಮೇಲಲ್ಲ ಎನ್ನುವವರು ಇನ್ನೊಂದು ಕಡೆ. ನಡುವೆ ಅನಘಾಳಂಥವರು. ಇವರಿಗೆ ಬರೆಯದೆ ಇರಲಾಗದು, ಬರೆದರೆ ಅಳುಕು. ಅದಕ್ಕೇ ಕೆಲವು ಕಟ್ಟುಪಾಡು ಇಟ್ಟುಕೊಂಡಿದ್ದಾರೆ. ಇದು ಕಟ್ಟುಕಥೆ ಎಂದು ತಲೆಯ ಮೇಲೇ ಬರೆಯಬೇಕು. ಬರೆದದ್ದನ್ನು ಯಾವ ಕಾರಣಕ್ಕೂ ಆ ಮನುಷ್ಯನ ಕಣ್ಣಿಗೆ ಬೀಳಿಸಬಾರದು.

"ಫಿಕ್ಷನ್ ದಾನ್ ಅಮ್ಮಾ, ಭಯ ಬೇಡ," ಎಂದಳು ಕೊನೆಗೆ. ಅವಳ ಕನ್ನಡ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ, ಕೋಪ ಬಂದರೆ ಇಂಗ್ಲಿಷಿನಲ್ಲಿ. ದೋಷ ಅವಳೊಬ್ಬಳದೇ ಅಲ್ಲ. ನನ್ನವರ ಮನೆತನ ತಲೆಮಾರುಗಳಿಂದ ಇದೇ ನಗರದ ಪುರಸೈವಾಕ್ಕಂನದು. ಅವರ ಮಾತಿನಲ್ಲಿ ವಾಕ್ಯದ ಕೊನೆಗೆ ಬರುವ ಕ್ರಿಯಾಪದವೊಂದು ಕನ್ನಡದ್ದು, ಉಳಿದದ್ದೆಲ್ಲ ದಾರಿಯಲ್ಲಿ ಸಿಕ್ಕಿದ್ದು. ನಮ್ಮದು ಕುಂದಾಪುರದ ಕಡೆಯ ಕನ್ನಡ. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನ ಮಾತು ಕೇಳಿ, ಹುಡುಗಿಗೆ ಕನ್ನಡ ಬರುವುದಿಲ್ಲವೇ ಎಂದು ಚಿಂತೆಪಟ್ಟಿದ್ದರಂತೆ.

ಕಥೆಯನ್ನು ಓದಲು ಕೊಟ್ಟಳು. ಅರ್ಧ ಇಂಗ್ಲಿಷು, ಮಾತುಕತೆಯೆಲ್ಲ ತಮಿಳು. ಹಾಡಿ ಹಾಡಿ ಸುಸ್ತಾದ ನಡುವಿನ ಹುಡುಗ ಯಾರಿಗೂ ಹೇಳದೆ ಓಡಿಬಂದು ಪೋರೂರು ಕೆರೆಯ ಪಕ್ಕ ಒಂದು ಬಾಡಿಗೆ ರೂಮಿನಲ್ಲಿರುತ್ತಾನೆ. ಗುರುತು ಸಿಗದ ಊರಿನಲ್ಲಿ ನಿದ್ದೆ ಮಾಡುವುದನ್ನು ಕಲಿಯುತ್ತಾನೆ. ಕೆಳಗಿನ ಟೀ ಅಂಗಡಿಯ ಹೆಂಗಸು ಅವನಿಗೆ ತಮಿಳು ಕಲಿಸುತ್ತಾಳೆ. ನನ್ನ ವಿಮರ್ಶೆ ಎಲ್ಲ ಚಿಲ್ಲರೆ ಸಂಗತಿಗಳ ಮೇಲೆಯೇ ಇತ್ತು. ನಮ್ಮ ಕೆರೆಯಲ್ಲಿ ಹಂಸ ಎಲ್ಲಿಂದ ಬಂತು, ಮೆಸ್ಸಿನಲ್ಲಿ ಯಾರಾದರೂ ದೋಸೆಯನ್ನು ಚಮಚದಲ್ಲಿ ತಿನ್ನುತ್ತಾರೆಯೇ ಎಂದೆಲ್ಲ ಕೇಳಿದೆ. ಅವನು ಕೊರಿಯಾದವನು, ಹಾಗೇ ತಿನ್ನುತ್ತಾನೆ ಎಂದು ಅವಳು ವಾದಿಸಿದಳು. ಹಂಸವನ್ನು ಮಾತ್ರ ನೀರುಕೋಳಿ ಮಾಡಿದಳು. ಇದ್ದವರ ಮೇಲೆ ಕಥೆ ಕಟ್ಟುವುದು ಸರಿಯೋ ತಪ್ಪೋ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ಅದನ್ನು ಕೇಳಿಕೊಂಡೇ ಬೆಳೆದವಳು ನಾನು, ಕೋಡಂಬಾಕ್ಕಂನ ಒಂದು ಮಹಡಿಯಲ್ಲಿ.

ನಮ್ಮ ದೊಡ್ಡಪ್ಪನ ಹೋಟೆಲು ಆಗ ಅಲ್ಲಿತ್ತು. ಕೆಳಗೆ ಹೋಟೆಲು, ಮೇಲೆ ಮನೆ. ಅಪ್ಪಯ್ಯ ಕ್ಯಾಶಿನಲ್ಲಿ ಕೂರುತ್ತಿದ್ದರು. ಸುತ್ತ ಸ್ಟುಡಿಯೋಗಳು. ಆ ಕಾಲದಲ್ಲಿ ಕನ್ನಡ ಸಿನಿಮಾಗಳೂ ಅಲ್ಲೇ ತಯಾರಾಗುತ್ತಿದ್ದವಲ್ಲ, ಹಾಗಾಗಿ ಕನ್ನಡ ಮಾತಾಡುವ ಬಣ್ಣದ ಮುಖಗಳು ಕೆಳಗೆ ಬಂದು ಇಡ್ಲಿ ತಿಂದು ಹೋಗುತ್ತಿದ್ದವು. ಮೇಲಿನವರಾದ ನಮಗೆ ಕಾಣುತ್ತಿದ್ದುದು ಅವರ ನೆತ್ತಿ ಮಾತ್ರ. ಬಾಲ್ಕನಿಯಿಂದ ನೋಡಿ ನೋಡಿ ಯಾವ ನಾಯಕನಿಗೆ ಎಲ್ಲಿ ಬೋಳಾಗುತ್ತಿದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಮನೆಯ ಹೆಂಗಸರೆಲ್ಲ ಅಕ್ಕಿ ಆರಿಸುತ್ತಲೋ ಹಪ್ಪಳ ಒತ್ತುತ್ತಲೋ ಕೂರುತ್ತಿದ್ದರು. ಆಗ ದೊಡ್ಡಮ್ಮ ಕಥೆ ಹೇಳುತ್ತಿದ್ದಳು. ಪುರಾಣದ ಕಥೆಯಲ್ಲ. ಬೀದಿಯ ತುದಿಯ ಮನೆಯೊಂದರಲ್ಲಿದ್ದ ಒಬ್ಬ ಸಿನಿಮಾ ನಟಿಯ ಕಥೆ. ದೊಡ್ಡಪ್ಪನಿಗೆ ಸಿನಿಮಾ ಎಂದರೆ ಹಾಳು. ಆದ್ದರಿಂದ ದೊಡ್ಡಮ್ಮ ಆ ನಟಿಯ ಚಿತ್ರಗಳನ್ನು ನೋಡಿದ್ದೇ ಅಪರೂಪ. ಅವಳಿಗೆ ಗೊತ್ತಿದ್ದುದು ಆ ಮನೆಗೆ ಹೋಗುತ್ತಿದ್ದ ಪಾರ್ಸೆಲ್ ಮಾತ್ರ. ಉಪ್ಪಿಟ್ಟಿಗೆ ಮೆಣಸಿನಕಾಯಿ ಬೇಡ, ಮೊಸರು ಹುಳಿಯಾಗಿರಬಾರದು, ಭಾನುವಾರ ಮಾತ್ರ ಒಂದು ಸಿಹಿ. ಅಷ್ಟರಿಂದಲೇ ದೊಡ್ಡಮ್ಮ ಒಬ್ಬ ಹುಡುಗಿಯನ್ನು ಮಾಡಿಕೊಂಡಳು. ಖಾರ ತಿಂದರೆ ಕಣ್ಣಲ್ಲಿ ನೀರು ಬರುವ, ಭಾನುವಾರ ಬಂದರೆ ಸಣ್ಣ ಮಗುವಾಗುವ ಹುಡುಗಿ. "ನಮ್ಮ ಹೆಣ್ಣ್" ಎನ್ನುತ್ತಿದ್ದಳು ಅವಳನ್ನು. ಕಥೆಯಲ್ಲಿ ಅವಳಿಗೆ ಕಾರು ಓಡಿಸಲು ಕಲಿಸಿದಳು. ಆ ಹೆಣ್ಣು ಒಬ್ಬಳೇ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಬಂದಳು. ಅವಳಿಗೆ ಮೋಸ ಮಾಡಲು ಬಂದ ಒಬ್ಬ ನಿರ್ಮಾಪಕನನ್ನು ದೊಡ್ಡಮ್ಮ ಬಾವಿಕಟ್ಟೆಯ ಹತ್ತಿರ ಜಾರಿಸಿ ಬೀಳಿಸಿದಳು. ಮಂಗಳೂರಿನ ಒಬ್ಬ ಡಾಕ್ಟರನ್ನು ಹುಡುಕಿ ಮದುವೆ ಮಾಡಿದಳು. ಡಾಕ್ಟರರ ತಾಯಿ ಸ್ವಲ್ಪ ಜೋರು, ಆದರೆ ಒಳ್ಳೆಯವರು.

ವಿರೋಧ ಆಗಲೂ ಇತ್ತು. ಬದುಕಿರುವವರ ಮೇಲೆ ಕಥೆ ಕಟ್ಟಿದರೆ ಅವರ ಆಯುಷ್ಯ ಸವೆಯುತ್ತದೆ ಎಂದು ಅಜ್ಜಿ ಗದರುತ್ತಿದ್ದರು; ಗದರಿ, ಮುಂದಿನ ಭಾಗ ಸರಿಯಾಗಿ ಕೇಳಲೆಂದು ಹತ್ತಿರ ಸರಿದು ಕೂರುತ್ತಿದ್ದರು. ನನ್ನ ಅಮ್ಮನಿಗೆ ಇದೆಲ್ಲ ಚಾಡಿಯ ಹಾಗೆ ಕಾಣುತ್ತಿತ್ತು. ಒಮ್ಮೆ ಹೇಳಿಯೂ ಬಿಟ್ಟಳು. ದೊಡ್ಡಮ್ಮ ಹಪ್ಪಳದ ಹಿಟ್ಟಿನಿಂದ ಕೈ ತೆಗೆಯದೆ, "ಚಾಡಿ ಹೇಳುವರ್ ಇದ್ ಸತ್ಯ ಅಂಬ್ರ್. ನಾನ್ ಸುಳ್ಳ್ ಅಂದೇಳಿಯೇ ಶುರು ಮಾಡುದಲ್ದಾ?" ಎಂದಳು. ಹೌದು, ಅವಳು ಪ್ರತಿ ಸಲವೂ ಕಥೆ ಶುರು ಮಾಡುತ್ತಿದ್ದುದೇ "ಇದ್ ಸುಳ್ಳ್ ಕಥಿ, ಕೇಣಿ" ಎಂದು. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದವಳು. ಅನಘಾಳ ಇಂಟರ್‌ನೆಟ್ಟಿನವರು ಕಥೆಯ ತಲೆಯ ಮೇಲೆ ಬರೆಯುವ ಮಾತನ್ನು ಅವಳು ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಳು.

ಆ ನಟಿಯ ತಲೆ ಬಾಚುವ ಹೆಂಗಸೊಬ್ಬರು ಪಾರ್ಸೆಲ್ಲಿಗೆ ಬಂದಾಗ ಫ್ಯಾನಿನ ಕೆಳಗೆ ಕೂತು ಸುಧಾರಿಸಿಕೊಳ್ಳಲು ಮೇಲೆ ಬರುತ್ತಿದ್ದರು. ಕಥೆ ಅವರ ಕಿವಿಗೂ ಬಿತ್ತು. ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತ ಕೇಳಿದರು. ಅವರ ಬಾಯಿಂದ ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿ ಬಿಡುವ ಸದ್ದಾಯಿತು. ನೋಡಿದರೆ ಬಾಗಿಲಲ್ಲಿ ಆ ನಟಿಯೇ. ಸಾದಾ ವಾಯಿಲ್ ಸೀರೆ, ಎಣ್ಣೆ ಹಾಕಿ ಕಟ್ಟಿದ ತಲೆ, ಕೈಯಲ್ಲಿ ಬಿಸಿಲಿಗೆ ಹಿಡಿದ ಛತ್ರಿ. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ. ಯಾರಿಗೂ ಏಳಲು ತಿಳಿಯಲಿಲ್ಲ. ಅಜ್ಜಿ ಒಬ್ಬರೇ ಎದ್ದು, ಏನೂ ಆಗದವರ ಹಾಗೆ ಒಳಗೆ ಹೋಗಿಬಿಟ್ಟರು. ದೊಡ್ಡಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಬನಿ, ಕೂಕಣಿ" ಎಂದಳು. ಅವರು ಚಾಪೆಯ ಮೇಲೆ, ಅಕ್ಕಿಯ ಮೊರದ ಪಕ್ಕದಲ್ಲಿ ಕೂತರು. ಹಳೆಮೈಸೂರಿನ ಕಡೆಯ ಮಾತು ಅವರದು.

"ನನ್ ಕಥೆ ಹೇಳ್ತೀರಂತಲ್ಲ. ಎಲ್ಲೀವರೆಗೆ ಬಂತು?"

ದೊಡ್ಡಮ್ಮ ಮುಚ್ಚಿಡಲಿಲ್ಲ. ಮೊದಲಿನಿಂದ ಹೇಳಿದಳು. ಕುಂದಾಪುರದ ಮಾತನ್ನು ಅವರಿಗೆ ತಿಳಿಯುವ ಹಾಗೆ ಮಾಡಲು ಹೋಗಿ ಅದು ಎಲ್ಲಿಯದೂ ಅಲ್ಲದ ಕನ್ನಡವಾಗಿತ್ತು. ಅವರು ಅಕ್ಕಿಯಲ್ಲಿ ಬೆರಳಾಡಿಸುತ್ತ ಕೇಳಿದರು. ಕಾರು ಘಾಟಿ ಇಳಿಯುವಲ್ಲಿ ನಕ್ಕರು. ನಿರ್ಮಾಪಕ ಜಾರಿ ಬಿದ್ದಲ್ಲಿ ಇನ್ನೂ ಜೋರಾಗಿ ನಕ್ಕು, ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ನಮಗೆಲ್ಲ ಉಸಿರು ಬಂತು. ದೊಡ್ಡಮ್ಮನಿಗೂ ಧೈರ್ಯ ಬಂದು ದನಿ ಏರಿತು. ಡಾಕ್ಟರರ ಮನೆ, ಮದುವೆ, ಆಮೇಲೆ ಒಂದು ಹೆಣ್ಣುಮಗು, ಆ ಮಗು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವುದು. ಅಲ್ಲಿಗೆ ಬಂದಾಗ ಅವರ ಬೆರಳು ಅಕ್ಕಿಯಲ್ಲಿ ನಿಂತಿತು.

"ನನ್ನನ್ನ ಏನ್ ಬೇಕಾದ್ರೂ ಮಾಡಿ," ಎಂದರು ಅವರು. ಕೋಪವಿರಲಿಲ್ಲ, ನೀರು ಬೇಕು ಎಂದು ಕೇಳುವಷ್ಟು ಮೆಲ್ಲಗೆ ಹೇಳಿದರು. "ಮದುವೆ ಮಾಡ್ಸಿ, ವಿಮಾನ ಹತ್ಸಿ, ನಂಗೇನಿಲ್ಲ. ಮಗು ಮಾತ್ರ ಬೇಡಮ್ಮಾ."

ದೊಡ್ಡಮ್ಮ "ಆಯ್ತ್" ಎಂದಳು. ಯಾಕೆ ಎಂದು ಕೇಳಲಿಲ್ಲ. ಆಮೇಲೆ ಕಾಫಿ ಬಂತು. ಅಜ್ಜಿಯೇ ತಂದುಕೊಟ್ಟರು, ಬೆಳ್ಳಿಯ ಲೋಟದಲ್ಲಿ. ಹೊರಡುವಾಗ ಅವರು ಬಾಗಿಲಲ್ಲಿ ನಿಂತು ಸ್ವಲ್ಪ ಯೋಚಿಸಿ, ಆ ಡಾಕ್ಟರರ ಮನೆಯ ಅಡುಗೆಮನೆಗೆ ಬೆಳಗಿನ ಬಿಸಿಲು ಬರುವ ಹಾಗೆ ಒಂದು ಕಿಟಕಿ ಇರಲಿ, ಈಗಿನ ಮನೆಯಲ್ಲಿ ಇಲ್ಲ ಎಂದರು. ಛತ್ರಿ ಬಿಚ್ಚಿಕೊಂಡು ಹೋದರು. ಮತ್ತೆ ಬರಲಿಲ್ಲ. ಪಾರ್ಸೆಲ್ ಹೋಗುತ್ತಲೇ ಇತ್ತು.

ಮಾರನೆಯ ದಿನ ದೊಡ್ಡಮ್ಮ ಕಥೆ ಮುಂದುವರಿಸಿದಳು. ಅಡುಗೆಮನೆಗೆ ಕಿಟಕಿ ಬಂದಿತ್ತು. ಮಗು ಇರಲಿಲ್ಲ. ಎರಡು ಜಡೆಯ ಹುಡುಗಿ ಎಂದರೆ ನಾನೇ ಎಂದು ಒಳಗೊಳಗೇ ತೀರ್ಮಾನಿಸಿಕೊಂಡಿದ್ದ ನನಗೆ ಅಳು ಬಂತು. ಅವಳೆಲ್ಲಿ ಹೋದಳು ಎಂದು ಹಟ ಹಿಡಿದೆ. ಅಮ್ಮ, ಚಿಕ್ಕಮ್ಮ ಎಲ್ಲರೂ ತಮತಮಗೆ ತೋಚಿದ್ದನ್ನು ಹೇಳತೊಡಗಿದರು. ಹಾಗಿರಬಹುದು, ಹೀಗಿರಬಹುದು, ಯಾರೋ ಹೇಳಿದ್ದರು. ಆಗ ಮಾತ್ರ ದೊಡ್ಡಮ್ಮನ ದನಿ ಗಡುಸಾಯಿತು. "ಅದ್ ಕಥಿ ಅಲ್ಲ" ಎಂದಳು. ಅದರ ಮೇಲೆ ಆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಯಾಕೆ ಬೇಡವೆಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ನಾನು ಅನಘಾಗೆ ಹೇಳಬೇಕಾಗಿ ಬಂದದ್ದು ಆ ಟವೆಲಿನ ಸಂಜೆಯಾಗಿ ಕೆಲವು ವಾರಗಳ ಮೇಲೆ.

ಒಂದು ಶನಿವಾರ ಬೆಳಿಗ್ಗೆ ಅವಳು ತಿಂಡಿಗೆ ಬರಲಿಲ್ಲ. ಕೋಣೆಗೆ ಹೋದರೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿದದ್ದು ಇಷ್ಟು. ನಡುವಿನ ಹುಡುಗನಿಗೆ ನಿಜಕ್ಕೂ ಹುಷಾರಿಲ್ಲ. ಹಾಡುವುದನ್ನು ನಿಲ್ಲಿಸಿ ಆಸ್ಪತ್ರೆ ಸೇರಿದ್ದಾನೆಂದು ಅವರ ಕಂಪನಿಯವರು ತಿಳಿಸಿದ್ದಾರೆ. ಇವಳ ಕಥೆಯಲ್ಲಿ ಅವನು ಅದಕ್ಕೆ ಮೊದಲೇ ಆಸ್ಪತ್ರೆಯಲ್ಲಿದ್ದಾನೆ. ಯಾರೋ ಪುಣ್ಯಾತ್ಮರು ಆ ಭಾಗವನ್ನು ಕಿತ್ತು ತೆಗೆದು, ಅವನ ಸ್ವಂತ ಪುಟದ ಕೆಳಗೇ ಅಂಟಿಸಿ, ಇವಳ ಹೆಸರನ್ನೂ ಜೋಡಿಸಿದ್ದಾರೆ. ಅದಾದ ಮೇಲೆ ಬೈಗುಳದ ಮಳೆ. ಯಾವ ಯಾವ ದೇಶದವರೋ. ನಮ್ಮ ತಮಿಳುನಾಡಿನವರು ಮಾತ್ರ ಚುಟುಕಾಗಿ "ಕರುನಾಕ್ಕು" ಎಂದು ಬರೆದಿದ್ದರು. ಕರಿನಾಲಿಗೆ. ಅವಳು ನುಡಿದದ್ದರಿಂದಲೇ ಅವನಿಗೆ ಹೀಗಾಯಿತು ಎಂಬ ಅರ್ಥ.

ನನ್ನವರು ಬಾಗಿಲಲ್ಲಿ ನಿಂತು, "ಅದ್ಯಾವ ಪೈಯನೋ ಏನೋ, ಅವನ್ಗೆ ಹುಷಾರಿಲ್ಲಾಂದ್ರೆ ಇವ್ಳು ಯಾಕೆ ಸಾಪಾಡು ಬಿಡ್ಬೇಕು?" ಎಂದರು. ಮಗಳು ಊಟ ಬಿಟ್ಟಳಲ್ಲ ಎಂಬ ಕಾಳಜಿಯಿಂದಲೇ ಅವರು ಕೇಳಿದ್ದು. ಅನಘಾ ಇನ್ನೂ ಬಿಗಿಯಾಗಿ ಹೊದ್ದುಕೊಂಡಳು. ಅವಳಿಗೆ ಬೈಗುಳಕ್ಕಿಂತ ಹೆಚ್ಚು ಸುಡುತ್ತಿದ್ದುದು ಬೇರೆ. ಅವನು ಅದನ್ನು ನೋಡಿರಬಹುದು. ಹಾಸಿಗೆಯ ಮೇಲೆ ಮಲಗಿ, ಎಲ್ಲೋ ಒಬ್ಬಳು ತನ್ನ ಕಾಯಿಲೆಯನ್ನು ಚಂದ ಮಾಡಿ ಬರೆದದ್ದನ್ನು ಓದಿರಬಹುದು. "ಅವನು ಏನು ನೆನಚಿರ್ತಾನೆ ಅಮ್ಮಾ?" ಎಂದು ಮತ್ತೆ ಮತ್ತೆ ಕೇಳಿದಳು. ಅವನು ಏನಂದುಕೊಂಡಿರುತ್ತಾನೆ ಎಂಬುದೇ ಅವಳ ಚಿಂತೆ. ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ನಾನು ಆಫೀಸಿಗೆ ರಜೆ ಹಾಕಿದೆ. ಅವಳು ಅಡುಗೆಮನೆಗೆ ಬಂದು ನೀರು ಕುಡಿದು ಹೋಗುವ ಸದ್ದನ್ನೇ ಕಾಯುತ್ತಿದ್ದೆ.

ಈಗ ಒಬ್ಬರ ವಿಷಯ ಹೇಳಬೇಕು. ಸೇಲಂನಲ್ಲಿ ಒಬ್ಬರು ಶಾಲಾ ಶಿಕ್ಷಕಿ, ನನಗಿಂತ ಸ್ವಲ್ಪ ಚಿಕ್ಕವರಿರಬಹುದು. ಅವರೂ ಆ ಐವರ ಅಭಿಮಾನಿ. ಹುಡುಗಿಯರೆಲ್ಲ ಅವರನ್ನು ಟೀಚರಕ್ಕ ಎನ್ನುತ್ತಾರೆ. ನಿಜ ಮನುಷ್ಯರ ಮೇಲೆ ಕಥೆ ಬರೆಯುವುದರ ಕಡು ವಿರೋಧಿ. ಅನಘಾ ಅವರೊಡನೆ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಅವರ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಕಣ್ಣು ಮೇಲೆ ತಿರುಗುತ್ತಿತ್ತು. ಅವರು ಈಗ ಕೈಕಟ್ಟಿ ಕೂತು, ನಾನಾಗಲೇ ಹೇಳಿರಲಿಲ್ಲವೇ ಎಂದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಮಾಡಿದ್ದು ಬೇರೆ. ಆ ಬೈಗುಳದ ನಡುವೆ ಹೋಗಿ, ತಮ್ಮ ಹೆಸರಿನಲ್ಲೇ ಬರೆದರು. ನಾನು ಇಂಥ ಕಥೆಗಳನ್ನು ಒಪ್ಪುವವಳಲ್ಲ, ಈ ಹುಡುಗಿಗೂ ಅದನ್ನೇ ಹೇಳಿದ್ದೇನೆ. ಆದರೆ ಅವಳು ಕಟ್ಟುಕಥೆ ಎಂದು ಬರೆದು ತನ್ನ ಮೂಲೆಯಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಹೊತ್ತುಕೊಂಡು ಹೋಗಿ ಕಾಯಿಲೆಯವನ ಬಾಗಿಲು ಬಡಿದವರು ನೀವು. ಈಗ ಯಾರಿಗಾಗಿ ಅಳುತ್ತಿದ್ದೀರಿ? ಹೀಗೆ ಕೇಳಿ, ಬೈದವರಿಗೆಲ್ಲ ಒಬ್ಬೊಬ್ಬರಿಗೂ ತಾಳ್ಮೆಯಿಂದ ಉತ್ತರ ಕೊಟ್ಟರು. ಉತ್ತರಪತ್ರಿಕೆ ತಿದ್ದುವವರ ತಾಳ್ಮೆ ಅದು. ಅಂಟಿಸಿದವರು ಕೊನೆಗೆ ಅದನ್ನು ತೆಗೆದರು.

ಅಷ್ಟಕ್ಕೇ ಬಿಡದೆ ನನ್ನ ನಂಬರು ಕೇಳಿ ಪಡೆದು ಫೋನೂ ಮಾಡಿದರು. ಹುಡುಗಿ ಊಟ ಮಾಡಿದಳೇ ಎಂದು ಕೇಳಿದರು ಮೊದಲು. ನನ್ನ ತಮಿಳು ಎಂದೂ ಕೈಕೊಟ್ಟದ್ದಿಲ್ಲ, ಆ ದಿನ ಕೃತಜ್ಞತೆ ಹೇಳಲು ಹೋಗಿ ತೊದಲಿತು. ಅವರು ಅದನ್ನು ಅರ್ಧಕ್ಕೇ ತಡೆದು, ತಮ್ಮ ಅಭಿಪ್ರಾಯವೇನೂ ಬದಲಾಗಿಲ್ಲ, ಹೀಗೆ ಬರೆಯುವುದು ತಪ್ಪೇ, ಅವಳು ಎದ್ದು ಕೂತ ಮೇಲೆ ಮತ್ತೆ ಜಗಳವಾಡುತ್ತೇನೆ, ಅದಕ್ಕಾದರೂ ಅವಳು ಉಣ್ಣಲಿ ಎಂದರು. ಒಂದೇ ಒಂದು ಸಲವೂ ಕಾಣದ ಆ ಹೆಂಗಸಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಅರಿಶಿನ ಕುಂಕುಮ ಕೊಟ್ಟಿದ್ದೇನೋ. ನಮ್ಮನ್ನು ಒಪ್ಪುವವರು ನಮ್ಮ ಪರ ನಿಲ್ಲುವುದು ದೊಡ್ಡದಲ್ಲ. ಒಪ್ಪದವರು ಬಂದು ನಿಂತರಲ್ಲ, ಆ ಋಣ ಎಲ್ಲಿಯದೋ.

ಟೀಚರಕ್ಕ ಹೇಳಿದ್ದನ್ನು ತಿಳಿಸಿದಾಗ ಅನಘಾ ಎದ್ದು ಕೂತಳು. ಎರಡು ತುತ್ತು ಮೊಸರನ್ನ ತಿಂದಳು. ಆಗ ನಾನು ಕೋಡಂಬಾಕ್ಕಂನ ಮಹಡಿಯ ಕಥೆ ಹೇಳಿದೆ. ಬುದ್ಧಿ ಹೇಳಬೇಕೆಂದು ಹೇಳಲಿಲ್ಲ. ಹಾಗೆ ಹೇಳಿದ್ದರೆ ಅವಳಿಗೆ ವಾಸನೆ ಬಡಿಯುತ್ತಿತ್ತು. ಬಟ್ಟಲು ಖಾಲಿಯಾಗುವವರೆಗೆ ಅವಳ ಬಾಯಿ ಆಡುತ್ತಿರಲಿ ಎಂದು ಹೇಳಿದೆ. ಪಾರ್ಸೆಲ್ಲಿನಿಂದ ಕಥೆ ಹುಟ್ಟಿದ್ದು, ಕಾರು, ನಿರ್ಮಾಪಕ, ಛತ್ರಿ ಹಿಡಿದು ಬಂದ ಅವರು. ಮಗು ಬೇಡವೆಂದಲ್ಲಿ ಅವಳ ಕೈ ಬಟ್ಟಲಿನಲ್ಲೇ ನಿಂತಿತು. "ದೊಡ್ಡಜ್ಜಿ ಸಾರಿ ಕೇಳಿದ್ರಾ?" ಎಂದಳು. ಇಲ್ಲ ಎಂದೆ. ದೊಡ್ಡಮ್ಮ ಆಯ್ತು ಎಂದಳು, ಮಗುವನ್ನು ತೆಗೆದಳು, ಕಿಟಕಿ ಇಟ್ಟಳು, ಅಷ್ಟೇ. ಆ ನಟಿಗೆ ಕೋಪ ಬಂದಿತ್ತಾ ಎಂದು ಅನಘಾ ಕೇಳಿದಳು. ಕೋಪ ಬಂದಿದ್ದರೆ ಕಾಫಿ ಕುಡಿಯುತ್ತಿರಲಿಲ್ಲ, ಆದರೆ ಎಲ್ಲೋ ನೋವಾಗಿತ್ತು, ಅದೂ ನಿಜ, ಎರಡೂ ಒಟ್ಟಿಗೇ ಇತ್ತು ಎಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರಲಿಲ್ಲ.

ಮರುದಿನ ಅವಳು ಕಥೆಯನ್ನು ಇಂಟರ್‌ನೆಟ್ಟಿನಿಂದ ತೆಗೆದಳು. ಆಸ್ಪತ್ರೆಯ ಭಾಗವನ್ನಷ್ಟೇ ಅಲ್ಲ, ಎಲ್ಲವನ್ನೂ. ಅದನ್ನು ಓದುತ್ತಿದ್ದವರಿಗೆ, ಅವನು ನಿಜವಾಗಿ ಮಲಗಿರುವಾಗ ನಾನು ಅವನನ್ನು ಮಲಗಿಸಲಾರೆ, ಕ್ಷಮಿಸಿ ಎಂದು ಬರೆದಳು. ಕೆಲವರಿಗೆ ಬೇಸರವಾಯಿತು. ಟೀಚರಕ್ಕ ಮಾತ್ರ, ನಾನು ಓದಿಲ್ಲ, ಓದುವುದೂ ಇಲ್ಲ, ಆದರೆ ಆ ಟೀ ಅಂಗಡಿಯವಳ ಹೆಸರೇನೆಂದು ಹೇಳು ಎಂದು ಸಂದೇಶ ಕಳಿಸಿದರು. ಓದದವರಿಗೆ ಟೀ ಅಂಗಡಿಯ ವಿಷಯ ಹೇಗೆ ಗೊತ್ತಾಯಿತು ಎಂದು ಅನಘಾ ಆ ವಾರ ಮೊದಲ ಬಾರಿ ನಕ್ಕಳು.

ನನಗೆ ಮಾತ್ರ ಒಂದು ಸಂಕಟ ಉಳಿಯಿತು. ನಾನು ಅರ್ಧದವರೆಗೆ ಓದಿದ್ದೆ. ಮಧ್ಯಾಹ್ನ ಇಬ್ಬರೇ ಇದ್ದಾಗ ಸಂಕೋಚದಿಂದ ಕೇಳಿದೆ. ಮುಂದೆ ಏನಾಯಿತು, ನನಗೊಬ್ಬಳಿಗೆ ಹೇಳು, ಹೊರಗೆ ಹೋಗುವುದಿಲ್ಲ. ಅವಳು ಸೋಫಾದ ಮೇಲೆ ಕಾಲು ಮಡಚಿ ಕೂತಳು. ತಮಿಳಿನಲ್ಲಿ ಶುರು ಮಾಡಿದಳು. ಯಾಕೋ ಅರ್ಧ ವಾಕ್ಯಕ್ಕೆ ನಿಲ್ಲಿಸಿ ಕನ್ನಡಕ್ಕೆ ತಿರುಗಿದಳು. ನಾನು ಕೇಳಲಿಲ್ಲ, ಅವಳೇ ತಿರುಗಿದಳು. ದಾರಿ ಗೊತ್ತಿಲ್ಲದ ಊರಿನಲ್ಲಿ ಸ್ಕೂಟರು ಓಡಿಸಿದ ಹಾಗಿತ್ತು ಅವಳ ಕನ್ನಡ. ಎಡವುವುದು, ನಿಲ್ಲುವುದು, ನನ್ನ ಮುಖ ನೋಡುವುದು. ನಾನು ಒಂದು ಶಬ್ದ ಎತ್ತಿಕೊಡುವುದು, ಮತ್ತೆ ಹೊರಡುವುದು. ನನ್ನ ಕುಂದಾಪುರ, ಅವಳಪ್ಪನ ಪುರಸೈವಾಕ್ಕಂ, ಬೀದಿಯ ತಮಿಳು ಎಲ್ಲ ಅದರಲ್ಲಿತ್ತು. ಹತ್ತೊಂಬತ್ತು ವರ್ಷ ಕಾದರೂ ನನ್ನ ಮಗಳು ನನ್ನೊಡನೆ ಇಷ್ಟು ಉದ್ದದ ಕನ್ನಡ ಮಾತಾಡಿದ್ದಿಲ್ಲ. ಕೊರಿಯಾದ ಆ ಹುಡುಗನಿಗೆ ನಾನು ಇದಕ್ಕೆ ಋಣಿ. ಅವನಿಗೆ ಅದು ಗೊತ್ತಾಗುವುದೂ ಬೇಡ.

ಅವನು ಟೀ ಅಂಗಡಿಯವಳ ಮನೆಯ ಮದುವೆಯಲ್ಲಿ ಬಡಿಸುತ್ತಾನೆ. ಎಲೆಯ ಮೇಲೆ ಉಪ್ಪು ಮೊದಲು ಎಂದು ಅವನಿಗೆ ಗೊತ್ತಿಲ್ಲ, ಪಾಯಸ ಬಡಿಸಿಬಿಡುತ್ತಾನೆ. ಎಲ್ಲರೂ ನಗುತ್ತಾರೆ. ಅವನೂ ನಗುತ್ತಾನೆ, ನಗುತ್ತ ಸುಸ್ತಾಗಿ ಒಂದು ಕುರ್ಚಿಯಲ್ಲಿ ಕೂರುತ್ತಾನೆ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಕಥೆಯನ್ನು ಅವಳು ಅಲ್ಲಿಗೇ ನಿಲ್ಲಿಸಿದಳು.

"ಗುಣ ಆಗತ್ತಾ ಅವ್ನಿಗೆ?" ಎಂದು ಕೇಳಿದೆ.

"ಅದು ಅವನ್ದು ಅಮ್ಮಾ," ಎಂದಳು. "ಅದನ್ನ ನಾನು ಹೇಳಕ್ಕೆ ಆಗಲ್ಲ. ಅವನೇ ಬಂದು ಹೇಳ್ಬೇಕು."

ಸರಿ ಎಂದೆ. ಅವಳು ಕಾಲು ಚಾಚಿ ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಅವನಿಗೆ ಬೇಗ ಗುಣವಾಗಲಿ ಎಂದು, ಕಥೆಯ ಹೊರಗೆ ನಿಂತು, ನಾವಿಬ್ಬರೂ ಸುಮ್ಮನೆ ಬಯಸಿಕೊಂಡೆವು.